ಸೋಪಿನ ಪುಡಿ ಎಂದು ಬರೆದ ಕಂಟೇನರ್

ಮೇ 7, ಮಂಗಳವಾರ

ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ವರ್ಷ ಯಾರೋ ಉಡುಗೊರೆ ಕೊಟ್ಟ ಡೈರಿ, ಒಂದು ಪುಟವೂ ಮುಟ್ಟದೆ ಬಿದ್ದಿತ್ತು. ವಾರಗಳನ್ನು ಹೊಡೆದು ತಿದ್ದಿಕೊಂಡರೆ ಆಯಿತು. ತಿದ್ದುವುದು ನನಗೇನು ಹೊಸದಲ್ಲ.

ಮಧ್ಯಾಹ್ನ ಮೂರೂಕಾಲಿಗೆ ಪುಡಿ ಸಾಹುಕಾರರ ಫೋನು ಬಂತು. ಸೋಪಿನ ಪುಡಿ ಕಾರ್ಖಾನೆಯವರು. ಹನ್ನೊಂದು ವರ್ಷದಿಂದ ತಿಂಗಳಿಗೊಂದು ಕಂಟೇನರ್ ನಮ್ಮ ಮೂಲಕವೇ ಸಮುದ್ರದಾಚೆ ಕಳಿಸುತ್ತಾರೆ. "ಆ ಕೆಂಪು ಗೆರೆ ಕಾಗದದ್ದು ಒಂದು ಕಾಪಿ ಕಳಿಸಿ ಸಾರ್, ಅಲ್ಲಿನವ್ರು ಕೇಳ್ತಿದ್ದಾರೆ" ಎಂದರು. ಕೆಂಪು ಗೆರೆಯ ಕಾಗದವೆಂದರೆ ಅಪಾಯಕಾರಿ ಸರಕಿನ ಘೋಷಣೆ. ಸೋಪಿನ ಪುಡಿಗೆ ಅದ್ಯಾಕೆ ಸ್ವಾಮಿ, ಎಂದು ನಗುತ್ತಲೇ ಕೇಳಿದೆ.

"ಈ ಸಲ ಸೋಪಿನ ಪುಡಿ ಎಲ್ಲಿ ಸಾರ್? ಈಜುಕೊಳಕ್ಕೆ ಹಾಕೋ ಬ್ಲೀಚಿಂಗ್ ಪೌಡರ್ ಅಲ್ವಾ. ಮೇಲ್‌ನಲ್ಲಿ ಎಲ್ಲಾ ಬರ್ದಿದ್ನಲ್ಲ, ಎರಡನೇ ಪುಟದಲ್ಲಿ."

ಓಹೋ ಹೌದೌದು, ನಾಳೆ ಕಳಿಸುತ್ತೇನೆ ಎಂದು ಫೋನಿಟ್ಟೆ. ಮೇಲ್ ತೆರೆದೆ. ಎರಡನೇ ಪುಟ ಇದೆ. ನಲವತ್ತು ಕಿಲೋದ ಮುನ್ನೂರ ನಲವತ್ತು ಡ್ರಮ್ಮು. ಕೆಳಗೆ ಅವರೇ ಬರೆದಿದ್ದಾರೆ: 'ಸ್ಟಿಕ್ಕರ್, ಘೋಷಣೆ ಎಲ್ಲವನ್ನೂ ತಾವೇ ನೋಡಿಕೊಳ್ಳುವುದು.'

ನಮ್ಮ ಆಫೀಸಿನಲ್ಲಿ ಬಿ.ಎಲ್. ಅನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಬಿ.ಎಲ್. ಎಂದರೆ ಇಂಥ ಸರಕು ಇಂಥ ಹಡಗು ಹತ್ತಿತು ಎಂದು ಹಡಗಿನವರು ಕೊಡುವ ಪತ್ರ. ಅದರ ಕರಡು ಮಾಡಿಕೊಡುವವರು ನಾವು. ಅದೇ ಗಿರಾಕಿಯ ಹಿಂದಿನ ತಿಂಗಳ ಕರಡನ್ನು ತೆರೆದು ಕಂಟೇನರ್ ನಂಬರು, ಸೀಲ್ ನಂಬರು, ತೂಕ, ತಾರೀಖು ಬದಲಿಸಿ ಕಳಿಸುತ್ತೇವೆ. ಹನ್ನೊಂದು ವರ್ಷದಿಂದ ಆ ಕರಡಿನಲ್ಲಿ 'ಸೋಪಿನ ಪುಡಿ' ಎಂದೇ ಇದೆ. ಈ ಸಲವೂ ಹಾಗೇ ಹೋಗಿದೆ. ಬಾಗಿಲು ಸೀಲಾದ ಕಂಟೇನರನ್ನು ಹಡಗಿನವರು ತೆರೆದು ನೋಡುವುದಿಲ್ಲ. ನಾನು ಬರೆದದ್ದೇ ಅವರಿಗೆ ಗೊತ್ತು.

ಹಡಗು ಶನಿವಾರವೇ ಹೊರಟಿದೆ. ಇಪ್ಪತ್ತಾರು ದಿನದ ಹಾದಿ.

ನನ್ನನ್ನು ಆಫೀಸಿನಲ್ಲಿ ಭೂತಗನ್ನಡಿ ಎನ್ನುತ್ತಾರೆ. ಬೇರೆಯವರ ಕಾಗದದಲ್ಲಿ ಅಲ್ಪವಿರಾಮ ತಪ್ಪಿದರೂ ಹಿಡಿಯುತ್ತೇನೆಂದು. ಈ ಸುದ್ದಿ ಯಜಮಾನರಿಗೆ ಗೊತ್ತಾದರೆ ಏನಾಗುತ್ತದೆಂದು ನನಗೆ ಗೊತ್ತು. ಲಾರಿ ಕಾಗದ ನೋಡುವವನು ಒಂದು ಅಂಕಿ ತಪ್ಪಿದ್ದಕ್ಕೆ ಯಜಮಾನರು ಎಲ್ಲರೆದುರು ಅವನ ಕನ್ನಡಕ ತೆಗೆಸಿ, ಒರೆಸಿಕೊಂಡು ಮತ್ತೆ ಹಾಕಿಕೋ ಎಂದಿದ್ದರು. ಐವತ್ತೆರಡು ವರ್ಷಕ್ಕೆ ನನಗೆ ಅದು ಬೇಡ.

ಮೇ 8, ಬುಧವಾರ

ಕಣ್ಣಿಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಬೇಗ ಆಫೀಸಿಗೆ ಹೋಗಿ ಆ ಪೌಡರಿನ ಬಗ್ಗೆ ಓದಿದೆ. ಓದಬಾರದಿತ್ತು. ತಣ್ಣಗಿರುವವರೆಗೂ ಸಾಧು. ಬಿಸಿ ತಗುಲಿದರೆ ಒಳಗೊಳಗೇ ತಾನೇ ಕಾಯಲು ಶುರುಮಾಡುತ್ತದೆ, ಒಂದು ಮಟ್ಟ ದಾಟಿದರೆ ನಿಲ್ಲಿಸಲಾಗುವುದಿಲ್ಲ. ಉಸಿರು ಕಟ್ಟಿಸುವ ವಿಷಗಾಳಿ ಬಿಡುತ್ತದೆ. ಪಕ್ಕದಲ್ಲಿ ಸುಡುವಂಥದ್ದೇನಾದರೂ ಇದ್ದರೆ ಕೇಳುವುದೇ ಬೇಡ. ಇದನ್ನು ಬಿಸಿಯಿಂದ ದೂರ, ಹಡಗಿನ ಮೇಲ್ತಟ್ಟಿನಲ್ಲಿ, ಬೇಕಾದಾಗ ಕೈಗೆ ಸಿಗುವಂತೆ ಇಡಬೇಕು. ಕೆಂಪು ಗೆರೆಯ ಕಾಗದ ಇರುವುದೇ ಅದಕ್ಕೆ.

ಹತ್ತು ಗಂಟೆಗೆ ಹಡಗಿನ ಕಂಪನಿಯ ಲೋಡಿಂಗ್ ವಿಭಾಗಕ್ಕೆ ಫೋನು ಮಾಡಿದೆ. ಗಿರಾಕಿ ವಿಚಾರಿಸುತ್ತಿದ್ದಾರೆ ಎಂದು ಸುಳ್ಳು ಹೇಳಿ, ನಮ್ಮ ಡಬ್ಬ, ಅಂದರೆ ಕಂಟೇನರ್, ಎಲ್ಲಿ ಕೂತಿದೆ ಎಂದು ಕೇಳಿದೆ.

"ಕೆಳಗೇ ಇದೆ ಸಾರ್, ಎರಡನೇ ಹೋಲ್ಡ್‌ನಲ್ಲಿ. ಭಾರದ ಡಬ್ಬ ಅಲ್ವಾ, ತಳದಲ್ಲೇ ಇಟ್ವಿ. ಎಣ್ಣೆ ಟ್ಯಾಂಕಿನ ಪಕ್ಕ. ಒಂದು ಹನಿ ನೀರು ತಾಕಲ್ಲ, ಬೆಚ್ಚಗಿರುತ್ತೆ ನಿಮ್ಮ ಸೋಪಿನ ಪುಡಿ."

ಹೋಲ್ಡ್ ಎಂದರೆ ಹಡಗಿನ ಹೊಟ್ಟೆ, ಸರಕು ತುಂಬುವ ಜಾಗ. ಹಡಗಿನ ಎಣ್ಣೆ ಗಟ್ಟಿ. ಹರಿಯಲೆಂದು ಟ್ಯಾಂಕನ್ನು ಬಿಸಿ ಮಾಡುತ್ತಲೇ ಇರುತ್ತಾರೆ. ಅವನು ಬೆಚ್ಚಗೆ ಎಂದದ್ದು ನನ್ನ ಮನಸ್ಸು ಸಮಾಧಾನವಾಗಲಿ ಎಂದು, ಪಾಪ. ಥ್ಯಾಂಕ್ಸ್ ಹೇಳಿದೆ.

ಸಾಹುಕಾರರಿಗೆ ನಾಳೆ ಕಳಿಸುತ್ತೇನೆಂದು ಮೆಸೇಜು ಹಾಕಿದೆ.

ಮೇ 9, ಗುರುವಾರ

ಏನೂ ಆಗಲಿಲ್ಲ. ಏನೂ ಆಗುವುದಿಲ್ಲ. ಎಷ್ಟೋ ಡಬ್ಬಗಳು ಹೀಗೇ ಹೋಗಿ ತಲುಪಿರುತ್ತವೆ. ಸಾಹುಕಾರರಿಗೆ ಮತ್ತೆ ನಾಳೆ ಎಂದೆ.

ಮೇ 10, ಶುಕ್ರವಾರ

ನನ್ನ ಪಕ್ಕದ ಮೇಜು ವಿಮಾನದಕ್ಕನದು. ವಿಮಾನದಲ್ಲಿ ಹೋಗುವ ಸರಕಿನ ಕಾಗದವೆಲ್ಲ ಅವಳದು. ನನಗಿಂತ ಎರಡು ವರ್ಷ ಚಿಕ್ಕವಳು, ಆದರೂ ಎಲ್ಲರಿಗೂ ಅಕ್ಕ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಸುಮ್ಮನೆ ಕೇಳುವವನಂತೆ, ಬ್ಲೀಚಿಂಗ್ ಪೌಡರನ್ನು ಯಾರಾದರೂ ಸೋಪಿನ ಪುಡಿ ಅಂತ ಕಳಿಸಿಬಿಟ್ಟರೆ ಏನಾಗುತ್ತೆ ಅಕ್ಕಾ ಎಂದೆ.

"ನಮ್ಮ ಕಡೆ ಆದ್ರೆ ಜೈಲು. ಒಂದು ಸೆಂಟ್ ಬಾಟ್ಲಿಗೂ ಕಾಗದ ಕೇಳ್ತಾರೆ ವಿಮಾನದವ್ರು. ಗಾಳೀಲಿ ಬೆಂಕಿ ಬಿದ್ರೆ ಇಳಿಯೋಕೆ ಎಲ್ಲಿ ಜಾಗ ಇದೆ?"

"ಹಡಗಾದ್ರೆ?"

"ಹಡಗಾದ್ರೆ ಮಾತ್ರ ಎಲ್ಲಿ ಇಳೀತಾರೆ, ಸಮುದ್ರಕ್ಕಾ? ಯಾಕೆ, ನೀವೇನಾದ್ರೂ ಕಳ್ಸಿದ್ದೀರಾ ಭೂತಗನ್ನಡಿ?" ಎಂದು ನಕ್ಕಳು. ನಾನೂ ನಕ್ಕೆ. ನನ್ನ ನಗು ನನಗೇ ಕೇಳಿಸಲಿಲ್ಲ.

ಆಮೇಲೆ ಕಂಪ್ಯೂಟರಿನಲ್ಲಿ ಹಡಗು ಎಲ್ಲಿದೆ ಎಂದು ನೋಡಿದೆ. ನಕಾಶೆಯ ನೀಲಿಯಲ್ಲಿ ಒಂದು ಹಸಿರು ಬಾಣ. ಒತ್ತಿದರೆ ಉದ್ದ, ಅಗಲ, ವೇಗ ಎಲ್ಲ ಬರುತ್ತದೆ. ಒಳಗೆ ಎಷ್ಟು ಜನ ಎಂದು ಬರುವುದಿಲ್ಲ. ಅದನ್ನು ಬೇರೆ ಕಡೆ ಹುಡುಕಿದೆ. ಅಂಥ ಹಡಗಿನಲ್ಲಿ ಇಪ್ಪತ್ತೆರಡು ಮಂದಿ ಇರುತ್ತಾರಂತೆ. ಯಾಕೆ ಹುಡುಕಿದೆನೋ. ನನಗೆ ಬೇಕಾದದ್ದು ಯಜಮಾನರಿಗೆ ಗೊತ್ತಾಗದಿರಲಿ ಎಂಬುದಷ್ಟೇ.

ಸಂಜೆ ಹೊರಡುವಾಗ ಯಜಮಾನರು ನನ್ನ ಹೆಗಲು ತಟ್ಟಿ, "ನಿಮ್ಮ ಮೇಜೊಂದು ನೆಟ್ಟಗಿದೆ ಕಣ್ರೀ ಈ ಆಫೀಸಲ್ಲಿ" ಎಂದರು. ಥ್ಯಾಂಕ್ಸ್ ಸಾರ್ ಎಂದೆ.

ಮೇ 12, ಭಾನುವಾರ

ಹೆಂಡತಿಗೆ ಗೊತ್ತಾಗಿಹೋಯಿತು. ನಾನು ಹೇಳಿದ್ದಲ್ಲ, ಅವಳು ಹೇಳಿಸಿದ್ದು. ತಿಂಡಿಯ ತಟ್ಟೆಯ ಪಕ್ಕದಲ್ಲೇ ಫೋನಿಟ್ಟುಕೊಂಡು ಬಾಣ ನೋಡುತ್ತಿದ್ದೆ. ಎರಡು ದಿನದಿಂದ ಇದೇ ಕೆಲಸ. ನಿಮಿಷಕ್ಕೊಮ್ಮೆ ನೋಡುತ್ತೇನೆ, ಅದು ನಡೆಯುತ್ತಿದ್ದರೆ ಉಸಿರು ಬಿಡುತ್ತೇನೆ.

"ರೀ, ಯಾವಳ್ರೀ ಅವಳು?" ಎಂದಳು.

"ಯಾರೂ ಇಲ್ಲ ಕಣೇ. ಹಡಗು."

"ಇಪ್ಪತ್ತಾರು ವರ್ಷದಿಂದ ಹಡಗಿನ ಕಾಗದ ಬರೀತಿದ್ದೀರಿ. ಒಂದು ದಿನಾನಾದ್ರೂ ಮನೇಲಿ ಹಡಗು ನೋಡಿದ್ದು ನಾನು ಕಂಡಿಲ್ಲ. ಹೇಳಿ ಏನಾಯ್ತು."

ಹೇಳಿದೆ. ಅವಳು ಔಷಧಿ ಅಂಗಡಿಯಲ್ಲಿ ಔಷಧಿ ಕೊಡುವವಳು, ಪೌಡರಿನ ಹೆಸರು ಕೇಳಿದ ಕೂಡಲೇ ಮುಖ ಗಂಭೀರವಾಯಿತು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ತಟ್ಟೆ ತೆಗೆದಿಟ್ಟು ಕೈತೊಳೆದು ಬಂದು ಕೂತಳು.

"ಮೂರು ವರ್ಷದ ಹಿಂದೆ ಒಬ್ಬ ಮುದುಕಪ್ಪಂಗೆ ಐದರ ಮಾತ್ರೆ ಬದಲು ಇಪ್ಪತ್ತೈದರದ್ದು ಕೊಟ್ಬಿಟ್ಟಿದ್ದೆ. ಡಬ್ಬಿ ಎರಡೂ ಒಂದೇ ಬಣ್ಣ. ಗೊತ್ತಾದಾಗ ಅವ್ರು ಹೋಗಿ ಅರ್ಧ ಗಂಟೆ ಆಗಿತ್ತು."

ಇದನ್ನು ನನಗೆ ಅವಳು ಯಾವತ್ತೂ ಹೇಳಿರಲಿಲ್ಲ. "ಏನ್ಮಾಡ್ದೆ?" ಎಂದೆ.

"ಏನ್ಮಾಡೋದು? ಓಡಿದೆ. ಅಂಗಡಿ ಬಾಗ್ಲು ತೆಗ್ದಿಟ್ಟು ಓಡಿದೆ. ಬಸ್ ಸ್ಟಾಪಲ್ಲಿ ಸಿಕ್ರು, ಕೈಯಿಂದ ಕಿತ್ಕೊಂಡೆ. ಹುಚ್ಚಿ ಅಂದ್ಕೊಂಡ್ರು ಪಾಪ."

ಅವಳದು ಬಸ್ ಸ್ಟಾಪು, ನನ್ನದು ಸಮುದ್ರ ಎಂದೆ. ಅವಳು ಎದ್ದು ಬಟ್ಟೆ ಒಣಹಾಕಲು ಹೋದಳು. ನನಗೆ ಅವಳ ಮೇಲೆ ಸಿಟ್ಟು ಬಂತು. ಔಷಧಿ ಅಂಗಡಿಯಲ್ಲಿ ನಮ್ಮ ಯಜಮಾನರಂಥವರು ಇಲ್ಲ, ಅವಳಿಗೇನು ಗೊತ್ತು.

ಮೇ 13, ಸೋಮವಾರ

ಯಜಮಾನರ ಕೋಣೆಗೆ ಹೋದೆ. ಬಾಗಿಲ ಹಿಡಿ ಮುಟ್ಟಿ ಎರಡು ಸಲ ವಾಪಸು ಬಂದು, ಮೂರನೇ ಸಲ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಕಿರುಚುತ್ತಾರೆಂದು ಕಾದೆ. ಕಿರುಚಲಿಲ್ಲ. ಎದ್ದು ಬಾಗಿಲು ಹಾಕಿದರು, ಅದು ಇನ್ನೂ ಕೆಟ್ಟದಾಗಿತ್ತು.

"ಯಾರ್ಯಾರಿಗೆ ಹೇಳಿದ್ದೀರಿ?"

"ಯಾರಿಗೂ ಇಲ್ಲ ಸಾರ್."

"ಒಳ್ಳೇದು. ಈಗ ಹೇಳಿದ್ರೆ ಹಡಗು ದಾರಿ ಬದಲಿಸ್ತಾರೆ. ಆಮೇಲೆ ಯಾವ ಹಡಗಿನವ್ರೂ ನಮ್ಮ ಡಬ್ಬ ಮುಟ್ಟಲ್ಲ. ಇಷ್ಟು ಜನ ಇಲ್ಲಿ ಕೆಲಸ ಮಾಡ್ತಿದ್ದಾರೆ, ಅವ್ರನ್ನ ಬೀದಿಗೆ ತರ್ತೀರಾ? ಇನ್ನು ಹದಿನೇಳು ದಿನ. ತಲುಪುತ್ತೆ, ಇಳಿಸ್ತಾರೆ, ಮುಗೀತು. ಅಲ್ಲೀವರೆಗೂ ಬಾಯಿಗೆ ಬೀಗ. ಸಾಹುಕಾರರ ಆ ಮೇಲ್ ಅಳಿಸಿಬಿಡಿ. ಎರಡನೇ ಪುಟ ಬಂದೇ ಇಲ್ಲ, ತಿಳೀತಾ?"

"ಆಗಲಿ ಸಾರ್" ಎಂದೆ.

ಹೊರಗೆ ಬಂದಾಗ ಮೈ ಹಗುರಾಗಿತ್ತು. ಬರೆಯಲು ನಾಚಿಕೆ, ಆದರೆ ನಿಜ. ನನ್ನ ಕೆಲಸಕ್ಕೆ ಏನೂ ಆಗುವುದಿಲ್ಲ ಎಂದು ಹಗುರಾಗಿತ್ತು. ಮೇಜಿಗೆ ಬಂದು ಕೂತೆ, ಅಭ್ಯಾಸಬಲದಿಂದ ಬಾಣ ನೋಡಿದೆ. ನಕಾಶೆಯ ಮೂಲೆಯಲ್ಲಿ ಅಲ್ಲಿನ ಹವೆಯೂ ಬರುತ್ತದೆ. ನೆರಳಿನಲ್ಲಿ ಮೂವತ್ತಾರು ಡಿಗ್ರಿ. ಹಗುರಾದ ಮೈ ಮತ್ತೆ ಭಾರವಾಯಿತು.

ಮೇಲ್ ಅಳಿಸಲು ಹೋಗಿ, ಆಮೇಲೆ ಮಾಡೋಣವೆಂದು ಬಿಟ್ಟೆ.

ಮೇ 14, ಮಂಗಳವಾರ

ಮೂವತ್ತೇಳು ಡಿಗ್ರಿ.

ಮೇ 15, ಬುಧವಾರ

ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ತೋಡಿಕೊಳ್ಳುವಾಗ ಬಕೆಟ್ಟಿನ ಹೊರಗೋಡೆಗೆ ಕೈ ತಾಗಿ ಚುರುಕ್ಕೆಂದಿತು, ಆ ಎಣ್ಣೆ ಟ್ಯಾಂಕು ನೆನಪಾಯಿತು. ಅಲ್ಲೇ ನಿಂತುಬಿಟ್ಟೆ. ನೀರು ಆರಿಹೋಯಿತು. ತಣ್ಣೀರಲ್ಲೇ ಸ್ನಾನ ಮಾಡಿ ಆಫೀಸಿಗೆ ಹೋದೆ.

ಒಂದೂ ಹತ್ತಕ್ಕೆ ಎಲ್ಲರೂ ಊಟಕ್ಕೆದ್ದರು. ಹಡಗಿನ ಕಂಪನಿಗೆ ಪತ್ರ ಬರೆದೆ. ಈ ಸಲ ಹಳೆಯದನ್ನು ತೆರೆದು ತಿದ್ದಲಿಲ್ಲ, ಇಂಥ ಪತ್ರ ನಾನು ಹಿಂದೆ ಬರೆದದ್ದೇ ಇಲ್ಲ. ಕಂಟೇನರ್ ನಂಬರು, ಒಳಗೆ ಏನಿದೆ, ಎಷ್ಟಿದೆ, ತಪ್ಪು ನನ್ನದು. ನಾಲ್ಕು ಸಾಲು. ಎರಡನೇ ಪುಟ ಲಗತ್ತಿಸಿದೆ. ಕೆಳಗೆ ನನ್ನ ಫೋನ್ ನಂಬರು. ಕಳಿಸುವ ಗುಂಡಿಯನ್ನು ಎರಡು ಸಲ ಒತ್ತಿಬಿಟ್ಟೆ, ಪತ್ರ ಎರಡು ಹೋಯಿತು.

ಮೂರಕ್ಕೆ ಹತ್ತು ನಿಮಿಷವಿರುವಾಗ ಫೋನು. ನಂಬರು ವಿಚಿತ್ರವಾಗಿತ್ತು. ಹಡಗಿನ ಚೀಫ್ ಆಫೀಸರ್, ಕ್ಯಾಪ್ಟನ್ ಬಿಟ್ಟರೆ ಸರಕಿಗೆಲ್ಲ ಅವರೇ ಹೊಣೆ. ಕಂಪನಿಯವರು ನನ್ನ ನಂಬರನ್ನು ನೇರ ಹಡಗಿಗೇ ಕೊಟ್ಟಿದ್ದರು. ಒಂದು ಮಾತು ಆಡಿದರೆ ಇನ್ನೊಂದು ಮಾತು ಬರಲು ಎರಡು ಕ್ಷಣ ಹಿಡಿಯುತ್ತಿತ್ತು.

"ಆ ಕಾಗದ ಬರೆದವ್ರು ನೀವೇನಾ? ಅದರಲ್ಲಿರೋ ಅಪಾಯದ ಸರಕಿನ ನಾಲ್ಕಂಕಿ ನಂಬರು ಓದಿ. ನಿಧಾನ."

"ಎರಡು, ಎಂಟು, ಎಂಟು, ಸೊನ್ನೆ."

"ಡ್ರಮ್ಮು ಪ್ಲಾಸ್ಟಿಕ್ಕಾ, ತಗಡಾ?"

"ಪ್ಲಾಸ್ಟಿಕ್."

"ಒಳಗೆ ಮರದ ಹಲಗೆ ಹಾಕಿದ್ದಾರಾ?"

"ಹಾಕಿದ್ದಾರೆ. ಡ್ರಮ್ಮಿನ ಕೆಳಗೆ."

ಆ ಕಡೆ ಯಾರಿಗೋ ಏನೋ ಹೇಳಿದರು. ಎಣ್ಣೆ ಟ್ಯಾಂಕಿನ ಬಿಸಿ ನಿಲ್ಲಿಸಿ ಎಂಬ ಮಾತು ಕೇಳಿಸಿತು. ಆಮೇಲೆ ನನಗೆ, "ನಿನ್ನೆಯಿಂದ ಆ ಹೋಲ್ಡ್ ಹತ್ರ ಈಜುಕೊಳದ ವಾಸನೆ ಬರ್ತಿದೆ ಅಂತ ಹುಡುಗರು ಹೇಳ್ತಿದ್ರು. ಯಾರೋ ನೆಲ ತೊಳೆದಿರಬೇಕು ಅಂತ ನಾನೇ ಬೈದು ಕಳಿಸಿದ್ದೆ. ಸರಿ, ಕೆಳಗೆ ಹೋಗಿ ನೋಡ್ತೀನಿ" ಎಂದು ಇಟ್ಟರು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಏನೇನೋ ಅಂದರು, ಕೊನೆಗೆ ಕೆಲಸದಿಂದ ತೆಗೆದು ಹೊರಗೆ ಕಳಿಸಿದರು. ಅಷ್ಟು ಹೊತ್ತೂ ನನ್ನ ಕಿವಿಯಲ್ಲಿದ್ದದ್ದು 'ಕೆಳಗೆ ಹೋಗಿ ನೋಡ್ತೀನಿ' ಎಂಬ ಮಾತೊಂದೇ.

ಮೇ 16, ಗುರುವಾರ

ಬಾಣ ನಿಂತಿದೆ. ಸುತ್ತ ಎಲ್ಲೂ ನೆಲವಿಲ್ಲ, ಸಮುದ್ರದ ನಡುವೆ ನಿಂತಿದೆ. ವೇಗ ಸೊನ್ನೆ. ಬೆಳಿಗ್ಗೆ ಏಳಕ್ಕೂ ಸೊನ್ನೆ, ಹನ್ನೊಂದಕ್ಕೂ ಸೊನ್ನೆ.

ಹಡಗಿನ ಕಂಪನಿಗೆ ಆರು ಸಲ ಫೋನು ಮಾಡಿದೆ. ನಮಗೂ ಗೊತ್ತಿಲ್ಲ, ಮಾಡುತ್ತಲೇ ಇರಬೇಡಿ ಎಂದರು. ಹೆಂಡತಿ ಅಂಗಡಿಗೆ ರಜೆ ಹಾಕಿ ಪಕ್ಕದಲ್ಲಿ ಕೂತಿದ್ದಾಳೆ. ಅವಳೂ ಬಾಣವನ್ನೇ ನೋಡುತ್ತಿದ್ದಾಳೆ. ಇಂಥ ಭಯ ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಕೂತರೆ ನಿಲ್ಲೋಣ ಅನ್ನಿಸುತ್ತದೆ, ನಿಂತರೆ ಕೂರೋಣ ಅನ್ನಿಸುತ್ತದೆ.

ನನ್ನ ಊಟದ ಡಬ್ಬಿ, ಛತ್ರಿ, ಇಪ್ಪತ್ತಾರು ವರ್ಷದ ರಬ್ಬರ್ ಸ್ಟಾಂಪುಗಳು ಆಫೀಸಿನಲ್ಲೇ ಉಳಿದಿವೆ. ವಿಮಾನದಕ್ಕ ಸಂಜೆ ತಂದುಕೊಡುತ್ತಾಳಂತೆ. ಸ್ಟಾಂಪು ಬೇಡ ಎಂದೆ.

ಮಧ್ಯಾಹ್ನ ಮೂರು: ಸೊನ್ನೆ.

ಸಂಜೆ ಆರು: ಸೊನ್ನೆ. ಇಪ್ಪತ್ತೆರಡು ಮಂದಿ. ಅಡುಗೆಯವನು ಒಬ್ಬ ಇರುತ್ತಾನೆ, ಎಂಜಿನ್ನಿನವರು ಇರುತ್ತಾರೆ, ಮೊದಲ ಸಲ ಹಡಗು ಹತ್ತಿದವನೂ ಒಬ್ಬ ಇದ್ದೇ ಇರುತ್ತಾನೆ. ಎಲ್ಲರಿಗೂ ಮನೆ ಇರುತ್ತದೆ. ಅವರೆಲ್ಲ ಸತ್ತರೆ ಕೊಂದವನು ನಾನು. ಬರೆದುಬಿಟ್ಟೆ.

ಮೇ 17, ಶುಕ್ರವಾರ

ಬೆಳಿಗ್ಗೆ ಐದೂಮುಕ್ಕಾಲಿಗೆ ಹೆಂಡತಿ ಎಬ್ಬಿಸಿ, "ರೀ, ನಡೀತಿದೆ" ಎಂದಳು. ಬಾಣ ತಿರುಗಿದೆ. ತನ್ನ ದಾರಿ ಬಿಟ್ಟು ಹತ್ತಿರದ ಬಂದರಿನ ಕಡೆಗೆ ಹೊರಟಿದೆ. ವೇಗ ಬಹಳ ಕಡಿಮೆ. ಇಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು. ಅವಳು ಅತ್ತಳು. ನನಗೆ ಇನ್ನೂ ಅಳಲು ಧೈರ್ಯವಾಗಲಿಲ್ಲ.

ಮೇ 18, ಶನಿವಾರ

ಬಂದರಿನ ಹೊರಗೆ ನಿಂತಿದೆ. ಕಂಪನಿಯವರು ಹೇಳಿದ್ದು ಇಷ್ಟೇ: ಕಂಟೇನರನ್ನು ಇಳಿಸುತ್ತಿದ್ದಾರೆ, ಬೆಂಕಿ ಇಲ್ಲ, ಒಬ್ಬರನ್ನು ಆಸ್ಪತ್ರೆಗೆ ಒಯ್ದಿದ್ದಾರೆ. ಯಾರನ್ನು ಎಂದು ಕೇಳಿದೆ. ಹೇಳುವ ಹಾಗಿಲ್ಲವಂತೆ.

ಯಜಮಾನ ಯಾರಿಂದಲೋ ಹೇಳಿಕಳಿಸಿದ್ದಾನೆ. ವಿಚಾರಣೆಯವರು ಬಂದರೆ, ಹದಿನೈದನೇ ತಾರೀಖಿಗೆ ಗೊತ್ತಾಯಿತು, ಅವತ್ತೇ ತಿಳಿಸಿದೆವು ಎನ್ನಬೇಕಂತೆ. ಹಾಗೆಂದರೆ ಕೆಲಸಕ್ಕೆ ವಾಪಸು ಬರಬಹುದಂತೆ. ಹೆಂಡತಿ ನನ್ನ ಮುಖ ನೋಡಿದಳು. ಆ ಆಸ್ಪತ್ರೆ ಯಾವುದೆಂದು ಗೊತ್ತಾಯಿತೇ ಎಂದು ಬಂದವನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ.

ಮೇ 20, ಸೋಮವಾರ

ಇವತ್ತು ಮಧ್ಯಾಹ್ನ ಫೋನು ಬಂತು. ದನಿ ಒಡೆದಿತ್ತು, ಮೊದಲಿಗೆ ಗುರುತು ಸಿಗಲಿಲ್ಲ.

"ಕಾಗದದವ್ರಾ? ಹಡಗಿಂದ ಮಾತಾಡಿದ್ನಲ್ಲ, ನಾನೇ. ಆಸ್ಪತ್ರೆಯಿಂದ ಮಾಡ್ತಿದ್ದೀನಿ."

ಆಸ್ಪತ್ರೆಯಲ್ಲಿ ಇರುವುದು ಅವರೇ. ಅವತ್ತು ಕೆಳಗಿಳಿದು ನೋಡಿದಾಗ ಕಂಟೇನರಿನ ಗೋಡೆ ಕೈ ಇಡಲಾಗದಷ್ಟು ಬಿಸಿಯಾಗಿತ್ತಂತೆ. ಒಂದೂವರೆ ದಿನ ಪಾಳಿಯ ಮೇಲೆ ಇಳಿದು ಹೊರಗಿನಿಂದ ನೀರು ಹೊಡೆದು ತಂಪು ಮಾಡಿದರಂತೆ. ಒಂದು ಸಲ ಇವರ ಮುಖವಾಡ ಸರಿದು ಆ ಗಾಳಿ ಎದೆಗೆ ಹೋಯಿತು. ಉಳಿದ ಇಪ್ಪತ್ತೊಂದು ಮಂದಿ ಚೆನ್ನಾಗಿದ್ದಾರೆ. ಡಾಕ್ಟರರು ಇವರನ್ನು ಇನ್ನು ಸಮುದ್ರಕ್ಕೆ ಕಳಿಸುವುದಿಲ್ಲವಂತೆ, ಎದೆ ಅರ್ಧ ಕೆಲಸ ಮಾಡುತ್ತಿದೆಯಂತೆ. ಎಲ್ಲವನ್ನೂ ಸರಕಿನ ಪಟ್ಟಿ ಓದುವ ಹಾಗೆ ಹೇಳಿದರು.

"ನಿಮಗೊಂದು ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ" ಎಂದರು. "ಇನ್ನೊಂದಿನ ತಡ ಆಗಿದ್ರೆ ಯಾರೂ ಇರ್ತಿರ್ಲಿಲ್ಲ. ಇಂಥ ಪತ್ರ ಯಾರೂ ಬರೆಯಲ್ಲ, ನಂಗೊತ್ತು. ಗೊತ್ತಾದ ತಕ್ಷಣ ಬರೆದ್ರಲ್ಲ."

"ತಕ್ಷಣ ಅಲ್ಲ" ಎಂದೆ. "ನನಗೆ ಏಳನೇ ತಾರೀಖಿಗೇ ಗೊತ್ತಾಯ್ತು."

ಆ ಕಡೆ ಮಾತಿಲ್ಲ. ಇದು ಹಡಗಿನ ಫೋನಲ್ಲ, ಮಾತು ಬರಲು ಎರಡು ಕ್ಷಣ ಕಾಯಬೇಕಾಗಿರಲಿಲ್ಲ. ಅವರು ಲೆಕ್ಕ ಹಾಕುತ್ತಿದ್ದರು.

"ಎಂಟು ದಿನ" ಎಂದರು. "ಎಂಟು ದಿನ ನಾವು ಅದರ ಮೇಲೆ ಉಂಡು ಮಲಗಿದ್ವಿ."

"ಹೌದು."

"ಏನ್ಮಾಡ್ತಿದ್ರಿ ನೀವು, ಎಂಟು ದಿನ?"

"ಹೆದರ್ಕೊಂಡಿದ್ದೆ."

"ಯಾರಿಗೆ?"

ಇದಕ್ಕೆ ಉತ್ತರ ಕೂಡಲೇ ಬರಬೇಕಿತ್ತು. ಇಪ್ಪತ್ತಾರು ವರ್ಷ ನಾನು ಹೆದರಿದ ಮನುಷ್ಯ ಅವನು. ಆದರೆ ಆ ಮುಖ ನೆನಪಿಗೆ ತಂದುಕೊಳ್ಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಮ್ಮ ಆಫೀಸಿನ ಯಜಮಾನನಿಗೆ" ಎಂದೆ.

ಅವರು, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ, ಮೆಲ್ಲಗೆ ಕೇಳಿದರು:

"ಅಷ್ಟು ಜೋರಾ ಅವ್ನು?"

ಇಲ್ಲ ಎಂದೆ. ಅವರಿಗೆ ನಗು ಬಂತು. ಆ ನಗು ಕೆಮ್ಮಾಗಿ, ಕೆಮ್ಮು ನಿಲ್ಲಲೇ ಇಲ್ಲ. ಯಾರೋ ಓಡಿಬಂದ ಸದ್ದಾಯಿತು. ಒಬ್ಬ ನರ್ಸ್ ಫೋನು ಕೈಗೆ ತೆಗೆದುಕೊಂಡು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ನಾನು ಫೋನು ಇಡಲಿಲ್ಲ. ಆ ಕೆಮ್ಮನ್ನು ಕೊನೆಯವರೆಗೂ ಕೇಳಿಸಿಕೊಂಡೆ.